ಜ್ವರ ಬಿಟ್ಟ ಮೇಲೆ

ಜ್ವರ ಬಂದಾಗ ವಿಚಾರಿಸದವರೇ ಇಲ್ಲ. ಟೆಂಪರೇಚರ್ ಎಷ್ಟಿದೆ, ಬ್ಲಡ್ ಟೆಸ್ಟ್ ಮಾಡಿಸಿದ್ರಾ, ಪ್ಲೇಟ್‌ಲೆಟ್ ಎಷ್ಟು ಬಂತು, ಎಳನೀರು ಕುಡೀತಿದ್ದೀರಾ. ಊರಿನಿಂದ ಫೋನು, ಆಫೀಸಿನಿಂದ ಮೆಸೇಜು, ಎದುರು ಮನೆಯವರು ಗೇಟಿನ ಆಚೆಯಿಂದಲೇ ಒಂದು ಕೂಗು. ಜ್ವರ ಬಿಟ್ಟಿತು ಅಂತ ಗೊತ್ತಾದ ಕೂಡಲೇ ಇದೆಲ್ಲ ನಿಂತುಹೋಗುತ್ತದೆ. ‘ಸದ್ಯ, ಬಿಡ್ತಲ್ಲ’ ಅಂತ ಒಂದು ಮಾತು. ಅಲ್ಲಿಗೆ ಮುಗೀತು.

ಹೋದ ಮಳೆಗಾಲದಲ್ಲಿ ನನಗೆ ಡೆಂಗಿ ಬಂದಿತ್ತು. ಆಸ್ಪತ್ರೆ ಸೇರುವ ಹಾಗಾಗಲಿಲ್ಲ. ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲೇ ಮಲಗಿ ಎದ್ದೆ. ಜ್ವರದ ದಿನಗಳು ಈಗ ಅರ್ಧಂಬರ್ಧ ನೆನಪು. ಅದಾದ ಮೇಲಿನ ವಾರಗಳು ಮಾತ್ರ ಚೆನ್ನಾಗಿ ನೆನಪಿವೆ, ಯಾಕೆಂದರೆ ನಾನು ನಿಜವಾಗಿ ಒದ್ದಾಡಿದ್ದು ಆಗ.

ಜ್ವರದ ಕಥೆಯನ್ನು ಬೇಗ ಮುಗಿಸಿಬಿಡುತ್ತೇನೆ, ಅದು ಎಲ್ಲರ ಮನೆಯದೂ ಒಂದೇ. ಮಧ್ಯಾಹ್ನ ಆಫೀಸಿನಲ್ಲಿ ಕೂತಿದ್ದಾಗಲೇ ಚಳಿ ಹತ್ತಿತು. ರಾತ್ರಿಗೆ 103 ಡಿಗ್ರಿ. ಸೊಂಟ ಬಿದ್ದುಹೋಗಿತ್ತು, ಕಣ್ಣುಗುಡ್ಡೆ ಹೊರಳಿಸಿದರೂ ಅದರ ಹಿಂದೆ ಎಲ್ಲೋ ನೋವು. ಡಾಕ್ಟ್ರು ಎನ್‌ಎಸ್‌-1 ಟೆಸ್ಟ್ ಬರೆದುಕೊಟ್ಟರು. ವೈರಸ್ಸಿನದೇ ಒಂದು ಪ್ರೋಟೀನು ರಕ್ತದಲ್ಲಿದೆಯಾ ಅಂತ ನೋಡುವ ಟೆಸ್ಟು ಅದು. ಜ್ವರ ಶುರುವಾದ ಮೊದಲ ಐದು ದಿನದೊಳಗೆ ಮಾಡಿಸಿದರೆ ಉಪಯೋಗ. ತಡವಾಗಿ ಹೋದವರಿಗೆ ಐಜಿಎಂ ಟೆಸ್ಟು. ವೈರಸ್ಸಿನ ವಿರುದ್ಧ ನಮ್ಮ ಮೈಯೇ ಮಾಡಿಕೊಂಡ ಪ್ರತಿಕಾಯಗಳನ್ನು ಅದರಲ್ಲಿ ಹುಡುಕುತ್ತಾರೆ. 2024ರ ಜುಲೈನಲ್ಲಿ, ಡೆಂಗಿ ಜೋರಾಗಿದ್ದಾಗ, ರಾಜ್ಯ ಸರ್ಕಾರ ಈ ಎರಡು ಎಲೈಸಾ ಟೆಸ್ಟುಗಳಿಗೆ ತಲಾ 300 ರೂಪಾಯಿ ಮೀರಿ ತಗೊಳ್ಳಬಾರದು ಅಂತ ಖಾಸಗಿ ಲ್ಯಾಬುಗಳಿಗೆ ಹೇಳಿತ್ತು. ಒಳ್ಳೆಯ ಕೆಲಸ.

ಪಾಸಿಟಿವ್ ಬಂತು. ಡೆಂಗಿ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಪ್ಯಾರಾಸಿಟಮಾಲ್, ನೀರು, ಓಆರ್‌ಎಸ್, ಮಲಗೋದು. ಬೇರೆ ಯಾವ ನೋವಿನ ಮಾತ್ರೆಯನ್ನೂ ಮುಟ್ಟಬೇಡಿ ಅಂತ ಡಾಕ್ಟ್ರು ಎರಡೆರಡು ಸಲ ಹೇಳಿದರು. ಐಬುಪ್ರೊಫೆನ್, ಆಸ್ಪಿರಿನ್ ಇವೆಲ್ಲ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಮೈಕೈ ನೋವು ಅಂತ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನುಂಗುವ ಅಭ್ಯಾಸ ನಮ್ಮಲ್ಲಿ ಎಷ್ಟಿದೆ ಅಂತ ಅವರಿಗೆ ಗೊತ್ತು.

ಮನೆಯಲ್ಲೇ ಇರಬೇಕಾದರೆ ಕರಾರು ಇಷ್ಟು: ಬಾಯಲ್ಲಿ ನೀರು ಇಳಿಯಬೇಕು, ಮೂತ್ರ ಸರಿಯಾಗಿ ಹೋಗಬೇಕು, ದಿನಾ ರಕ್ತ ಕೊಡಬೇಕು. ಅಡುಗೆಮನೆ ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಗಂಡ ಪೆನ್ಸಿಲ್ಲಿನಲ್ಲಿ ಗೆರೆ ಹಾಕುತ್ತಿದ್ದ. ಮೇಲಿನ ಗೆರೆಗಳು ಕುಡಿದ ಲೋಟದ ಲೆಕ್ಕ, ಕೆಳಗಿನವು ಬಾತ್‌ರೂಮಿನ ಲೆಕ್ಕ. ಸಂಕಷ್ಟಿ, ಏಕಾದಶಿ ಎಲ್ಲ ಆ ಗೆರೆಗಳ ಅಡಿ ಮುಚ್ಚಿಹೋದವು.

ಒಂದು ಬೆಳಗ್ಗೆ ಬೆವರಿ ಎದ್ದೆ. ಮೈ ತಣ್ಣಗಿತ್ತು. ಗಂಡ ಖುಷಿಯಾಗಿ ಡಾಕ್ಟ್ರಿಗೆ ಫೋನು ಮಾಡಿದ. ಅವರು ಖುಷಿಪಡಲಿಲ್ಲ. ‘ಇವತ್ತು, ನಾಳೆ ಇನ್ನೂ ಜಾಸ್ತಿ ಹುಷಾರಾಗಿ ನೋಡ್ಕೊಳ್ಳಿ. ಬ್ಲಡ್ ಟೆಸ್ಟ್ ಮಾತ್ರ ತಪ್ಪಿಸಬೇಡಿ’ ಅಂದರು.

ಡೆಂಗಿಯ ಮೋಸ ಇರೋದೇ ಇಲ್ಲಿ. ಬೇರೆ ಜ್ವರಗಳಲ್ಲಿ ಕಾವು ಇಳಿದರೆ ಕಷ್ಟವೂ ಇಳಿಯಿತು ಅಂತ. ಡೆಂಗಿಯಲ್ಲಿ ಕಾವು ಇಳಿಯುವ ಹೊತ್ತಿನಲ್ಲೇ, ಆಸುಪಾಸಿನ 24ರಿಂದ 48 ಗಂಟೆಗಳಲ್ಲಿ, ಕೆಲವರಿಗೆ ಸಣ್ಣ ಸಣ್ಣ ರಕ್ತನಾಳಗಳಿಂದ ರಕ್ತದ ನೀರಿನಂಶ ಹೊರಗೆ ಸೋರುತ್ತದೆ. ಹೊಟ್ಟೆಯಲ್ಲಿ, ಎದೆಯಲ್ಲಿ ಹೋಗಿ ನಿಲ್ಲುತ್ತದೆ. ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಬಿಪಿ ಕುಸಿಯುತ್ತದೆ. ರಿಪೋರ್ಟಿನಲ್ಲಿ ಪಿಸಿವಿ ಅಂತ ಒಂದು ಸಾಲು ಇರುತ್ತದಲ್ಲ, ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ಹೇಳೋದು, ಅದು ಏರುತ್ತಾ ಹೋದರೆ ಸೋರಿಕೆ ಆಗುತ್ತಿದೆ ಅಂತ ಅರ್ಥ. ನಾವೆಲ್ಲ ಪ್ಲೇಟ್‌ಲೆಟ್ ಸಾಲನ್ನು ಹುಡುಕುತ್ತೇವೆ, ಡಾಕ್ಟ್ರು ಈ ಸಾಲನ್ನೂ ಅಷ್ಟೇ ಗಮನ ಕೊಟ್ಟು ನೋಡುತ್ತಾರೆ. ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ಒಸಡಲ್ಲೋ ಮೂಗಲ್ಲೋ ರಕ್ತ ಬಂದರೆ, ಮಲ ಕಪ್ಪಾದರೆ, ಮಂಪರು ಕವಿದರೆ ಅಥವಾ ಸುಮ್ಮನೆ ಚಡಪಡಿಕೆ ಶುರುವಾದರೆ, ಮೂತ್ರ ಕಡಿಮೆಯಾದರೆ ಕಾಯಬಾರದು, ಸೀದಾ ಆಸ್ಪತ್ರೆಗೆ. ‘ಜ್ವರ ಬಿಟ್ಟಿದೆಯಲ್ಲ, ನಾಳೆ ನೋಡೋಣ’ ಅಂತ ಕೂರುವ ಹಾಗಿಲ್ಲ.

ನನಗೆ ಸೋರಿಕೆ ಆಗಲಿಲ್ಲ. ಪ್ಲೇಟ್‌ಲೆಟ್ ಮಾತ್ರ 58 ಸಾವಿರಕ್ಕೆ ಇಳಿದು ನಿಂತಿತ್ತು. ಆರೋಗ್ಯವಂತರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕು. ಈ ಅಂಕಿ ಮನೆಯಿಂದ ಹೊರಗೆ ಹೋದದ್ದೇ ತಡ, ಪಪ್ಪಾಯಿ ಎಲೆ ಬಂತು. ಓನರ್ ಆಂಟಿ ಹಿತ್ತಲಿನಿಂದಲೇ ಕಿತ್ತು ರಸ ಹಿಂಡಿ ತಂದಿದ್ದರು. ಯಾರೋ ಕಿವಿ ಹಣ್ಣು ತಂದರು, ಇನ್ಯಾರೋ ಆಡಿನ ಹಾಲು ಎಲ್ಲಿ ಸಿಗುತ್ತದೆ ಅಂತ ವಿಳಾಸ ಕಳಿಸಿದರು. ಪಪ್ಪಾಯಿ ಎಲೆ ರಸದ ಕಹಿಯನ್ನು ವರ್ಣಿಸಲು ನನ್ನಿಂದಾಗದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯೋದು ಮೂಳೆ ಮಜ್ಜೆಯಲ್ಲಿ ಅದರ ತಯಾರಿ ಕೆಲವು ದಿನ ಕುಂಠಿತವಾಗಿ, ಇದ್ದವೂ ಬೇಗ ನಾಶವಾಗೋದರಿಂದ. ವೈರಸ್ಸಿನ ಆರ್ಭಟ ಮುಗಿದ ಮೇಲೆ ತಾನಾಗಿಯೇ ಏರುತ್ತದೆ. ಜನ ಎಲೆ ಹುಡುಕಿಕೊಂಡು ಬರುವ ಹೊತ್ತಿಗೆ ಅದು ಏರುವ ದಿನವೂ ಬಂದಿರುತ್ತದೆ. ಕೀರ್ತಿ ಎಲೆಗೆ ಹೋಗುತ್ತದೆ. ರಕ್ತಸ್ರಾವ ಇಲ್ಲದಿದ್ದರೆ, 10 ಸಾವಿರಕ್ಕಿಂತ ಕೆಳಗಿಳಿಯುವ ತನಕ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಹಾಕೋದೂ ಇಲ್ಲ. ಇದನ್ನು ಆಂಟಿಗೆ ಹೇಳೋಕೆ ಹೋಗಲಿಲ್ಲ. ಪ್ರೀತಿಯಿಂದ ತಂದದ್ದು, ಮೂಗು ಮುಚ್ಚಿಕೊಂಡು ಒಂದು ಗುಟುಕು ಕುಡಿದೆ. ಉಳಿದದ್ದು ಸಿಂಕಿಗೆ.

ಮರುದಿನದಿಂದ ಅಂಕಿ ಏರಿತು. ನಾನು ಮಾತ್ರ ಏಳಲಿಲ್ಲ.

ಅಮ್ಮ ಅರಸೀಕೆರೆಯಿಂದ ರೈಲು ಹತ್ತಿ ಬಂದಳು. ಬಟ್ಟೆಗಿಂತ ಜಾಸ್ತಿ ಜಾಗ ಬೇರೆ ಸಾಮಾನಿಗೇ ಹೋಗಿತ್ತು. ಒಂದು ಚೀಲ ನುಚ್ಚಕ್ಕಿ, ಒಣಶುಂಠಿ, ಮನೆಯ ಮೆಣಸು, ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ಬಟ್ಟೆ ಕಟ್ಟಿದ ಹೇರಳೆಕಾಯಿ ಉಪ್ಪಿನಕಾಯಿ. ಬಂದವಳು ಕೈಕಾಲು ತೊಳೆದು ಮೊದಲು ಮಾಡಿದ ಕೆಲಸ ಫ್ರಿಜ್ಜು ತೆಗೆದು ನೋಡಿದ್ದು. ಕಿವಿ ಹಣ್ಣುಗಳನ್ನು ಒಂದು ಕಡೆ ಸರಿಸಿ, ‘ಇದ್ಯಾವ ಆಲೂಗಡ್ಡೆ?’ ಅಂದಳು.

ಗಂಜಿ ಅಂದರೆ ಅನ್ನಕ್ಕೆ ನೀರು ಹಾಕಿ ಕುದಿಸೋದು ಅಂತ ತಿಳಿದವರು ಅಮ್ಮನ ಹತ್ತಿರ ಬೈಸಿಕೊಳ್ಳುತ್ತಾರೆ. ನುಚ್ಚನ್ನು ಮೊದಲು ಬಾಣಲೆಯಲ್ಲಿ ಬಿಸಿಯಾಗುವಷ್ಟು ಹುರಿಯಬೇಕು, ಬಣ್ಣ ತಿರುಗಬಾರದು. ಆಮೇಲೆ ನೀರು ಕುದಿ ಬಂದ ಮೇಲೆಯೇ ಹಾಕಬೇಕು. ಸಣ್ಣ ಉರಿ. ಕುಕ್ಕರ್ ಕೂಗಿಸಿದರೆ ಅದು ಗಂಜಿ ಅಲ್ಲ. ಚಿಟಿಕೆ ಜೀರಿಗೆ, ಉಪ್ಪು, ಕಡೆಯಲ್ಲಿ ಬೆರಳ ತುದಿಯಷ್ಟು ತುಪ್ಪ. ಮೊದಲು ಲೋಟದಲ್ಲಿ ಕುಡಿಯುವಷ್ಟು ತೆಳ್ಳಗೆ. ಆಮೇಲೆ ಚಮಚಕ್ಕೆ ಬರುವಷ್ಟು. ಆಮೇಲೆ ತಟ್ಟೆಯಲ್ಲಿ ಮೆತ್ತಗಿನ ಅನ್ನ, ಮೆಣಸಿನ ಸಾರು. ಅದು ಒಗ್ಗಿದರೆ ತೊವ್ವೆ. ಒಂದೊಂದು ಬಡ್ತಿಗೂ ಅಮ್ಮನ ಅಪ್ಪಣೆ ಬೇಕು.

ಬಾಯಿ ಕೆಟ್ಟುಹೋಗಿತ್ತು. ಎಳನೀರು ಕೂಡ ಕಬ್ಬಿಣದ ವಾಸನೆ ಹೊಡೆಯುತ್ತಿತ್ತು. ಅಮ್ಮ ಹೇರಳೆಕಾಯಿಯ ಒಂದು ಹೋಳು ತೆಗೆದಳು. ಎಷ್ಟೋ ವರ್ಷದ್ದು. ಕಪ್ಪಗಾಗಿ, ಸಿಪ್ಪೆ ಜೆಲ್ಲಿಯಷ್ಟು ಮೆತ್ತಗಾಗಿ, ರಸ ಪಾಕದಷ್ಟು ಗಟ್ಟಿಯಾಗಿತ್ತು. ಉಗುರಿನಷ್ಟು ಕಿತ್ತು ಗಂಜಿಯ ಮೇಲಿಟ್ಟಳು. ನಾಲಿಗೆಗೆ ತಾಗಿದ ಕೂಡಲೇ ದವಡೆಯ ಮೂಲೆಯಲ್ಲಿ ಚುಳ್ ಅಂತು, ಬಾಯಿ ತುಂಬ ನೀರು ಬಂತು. ಅಷ್ಟು ದಿನದಲ್ಲಿ ಬೇಕು ಅನ್ನಿಸಿದ ಮೊದಲ ರುಚಿ ಅದು. ‘ಇನ್ನೊಂಚೂರು ಕೊಡು’ ಅಂದೆ. ‘ಸಾಕು, ಜಾಸ್ತಿಯಾದ್ರೆ ಹೊಟ್ಟೆ ಕೆಡುತ್ತೆ’ ಅಂದಳು. ಬಾಟಲಿ ಮೇಲಿನ ಶೆಲ್ಫಿಗೆ ಹೋಯಿತು, ನನ್ನ ಕೈಗೆ ಎಟುಕದ ಕಡೆ.

ಬೇಡದ್ದರ ಪಟ್ಟಿ ಇನ್ನೂ ದೊಡ್ಡದು. ಬದನೆಕಾಯಿ ನಂಜು. ಕಡಲೆಹಿಟ್ಟು ವಾಯು. ಮೊಸರು ಶೀತ. ಕರಿದದ್ದು ಕೇಳಲೇಬೇಡಿ. ಹಗಲು ನಿದ್ದೆ ಮಾಡಿದರೆ ಜ್ವರ ಮರುಕಳಿಸುತ್ತದೆ. ಫೋನು ನೋಡಿದರೆ ಕಣ್ಣಿಗೆ ಕೆಟ್ಟದ್ದು. ಫ್ಯಾನು ಎರಡರ ಮೇಲೆ ಹೋಗಬಾರದು. ತಲೆಗೆ ನೀರಂತೂ ಸುತಾರಾಂ ಇಲ್ಲ. ಬದನೆಕಾಯಿ ಬಗ್ಗೆ ನಾನು ಡಾಕ್ಟ್ರನ್ನೇ ಕೇಳಿದೆ. ಅವರು ನಕ್ಕು, ‘ಧಾರಾಳವಾಗಿ ತಿನ್ನಿ. ನಿಮ್ಮ ತಾಯಿ ಎದುರಿಗೆ ಮಾತ್ರ ತಿನ್ನಬೇಡಿ’ ಅಂದರು. ಈ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹುರುಳಿಲ್ಲ, ಈಗಲೂ ನನ್ನ ಅಭಿಪ್ರಾಯ ಅದೇ. ಜ್ವರ ಬಿಟ್ಟ ಮೈಗೆ ಬೇಳೆ, ಮೊಟ್ಟೆ, ಹಾಲು, ಮೊಸರು ಎಲ್ಲ ಬೇಕು. ಮಲಗಿ ಮಲಗಿ ಮಾಂಸಖಂಡ ಕರಗಿರುತ್ತದೆ, ಬರೀ ಗಂಜಿಯಲ್ಲಿ ಅದು ತುಂಬಿಕೊಳ್ಳಲ್ಲ. ಮೊಸರಿನ ವಿಷಯದಲ್ಲಿ ಜಗಳವಾಡಿ ಗೆದ್ದೆ. ನಿದ್ದೆಯ ವಿಷಯದಲ್ಲಿ ಜಗಳವಾಡುವ ಮೊದಲೇ ನಿದ್ದೆ ಬಂದುಬಿಡುತ್ತಿತ್ತು.

ಆದರೆ ಪಥ್ಯ ಬರೀ ಊಟದ ವಿಷಯ ಅಂತ ನನಗೆ ಈಗ ಅನ್ನಿಸುವುದಿಲ್ಲ. ಗಂಜಿ ಕುಡಿಯುವವಳಿಗೆ ಯಾರೂ ಕೆಲಸ ಹೇಳಲ್ಲ. ಮನೆಗೆ ಬಂದವರು ಲೋಟ ನೋಡಿದರೆ ಸಾಕು, ‘ಓ, ಇನ್ನೂ ಪಥ್ಯದಲ್ಲಿದ್ದೀರಾ, ಮಲಗಿ ಮಲಗಿ’ ಅನ್ನುತ್ತಾರೆ. ತಲೆಗೆ ನೀರು ಹಾಕಿಲ್ಲ ಅಂದರೆ ಇನ್ನೂ ಕಾಯಿಲೆಯವಳೇ ಅಂತ ಮನೆಮಂದಿಗೆಲ್ಲ ಗೊತ್ತು. ಥರ್ಮಾಮೀಟರ್ 98.6 ತೋರಿಸಿದ ಮೇಲೂ ಹೀಗೆ ಒಂದಷ್ಟು ದಿನ ಕೂರೋಕೆ ಹಳೆಯ ಮನೆಗಳಲ್ಲಿ ಜಾಗ ಇತ್ತು. ಬದನೆಕಾಯಿ ನಂಜೋ ಅಲ್ಲವೋ, ಬದನೆಕಾಯಿ ತಿನ್ನದವಳು ನೀರು ಸೇದೋಕೆ ಹೋಗಬೇಕಾಗಿರಲಿಲ್ಲ. ಅದನ್ನೆಲ್ಲ ಮೂಢನಂಬಿಕೆ ಅಂತ ಬಿಟ್ಟೆವು, ಸರಿ. ಅದರ ಜೊತೆಗಿದ್ದ ರಜೆಯೂ ಹೋಯಿತು. ಅದರ ಬದಲಿಗೆ ಏನನ್ನೂ ಇಟ್ಟುಕೊಳ್ಳಲಿಲ್ಲ.

ಇದನ್ನು ಅಮ್ಮನಿಗೆ ಹೇಳಿದೆ, ಹೆಮ್ಮೆಪಡುತ್ತಾಳೆ ಅಂತ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ‘ಯಾವ ರಜೆ? ನಿಮ್ಮಪ್ಪನಿಗೆ, ನಿಮ್ಮ ಚಿಕ್ಕಪ್ಪಂದಿರಿಗೆ ಇತ್ತು. ನಂಗೆ ಟೈಫಾಯ್ಡ್ ಬಂದಾಗ ನನ್ನ ಗಂಜಿ ನಾನೇ ಕಾಯಿಸ್ಕೊಂಡು ಕುಡಿದೆ. ಆಮೇಲೆ ಎದ್ದು ಅಷ್ಟೂ ಜನಕ್ಕೆ ಮುದ್ದೆ ತಿರುವಿದೆ.’ ಮತ್ತೆ ಮೊರ ಎತ್ತಿಕೊಂಡಳು. ನಾನು ಸುಮ್ಮನಾದೆ.

ಜ್ವರ ಬಿಟ್ಟ ಮೇಲೆ ಇನ್ನೊಂದು ತಮಾಷೆ ಇದೆ. ಅಂಗೈ, ಅಂಗಾಲು ತುರಿಸುತ್ತದೆ. ಚೇತರಿಕೆ ಶುರುವಾಯಿತು ಅನ್ನೋಕೆ ಇದೂ ಒಂದು ಗುರುತಂತೆ. ಕಾಲಿನ ಮೇಲೆಲ್ಲ ಕೆಂಪು ಹರಡಿ, ನಡುನಡುವೆ ಬಿಳಿ ಚುಕ್ಕೆಗಳು ಉಳಿದವು. ರಾತ್ರಿ ಎರಡು ಗಂಟೆಗೆ ಅಂಗಾಲನ್ನು ಮಂಚದ ಅಂಚಿಗೆ ಉಜ್ಜುತ್ತಾ ಕೂತಿರುತ್ತಿದ್ದೆ. ಮಗಳು ಎದ್ದು ಬಂದು, ‘ಅಮ್ಮ, ಕರಡಿ ಮರಕ್ಕೆ ಬೆನ್ನು ಉಜ್ಜುತ್ತಲ್ಲ, ಹಾಗೆ ಮಾಡ್ತಿದ್ದೀಯ’ ಅಂದಳು. ಕ್ಯಾಲಮೈನ್ ಹಚ್ಚಿ ಹಚ್ಚಿ ಕಾಲು ಸುಣ್ಣ ಬಳಿದಂತಾಯಿತು. ಕೆಲವು ದಿನಕ್ಕೆ ತಾನಾಗಿ ಹೋಯಿತು.

ತುರಿಕೆ ಹೋಯಿತು, ಸುಸ್ತು ಹೋಗಲಿಲ್ಲ. ಆ ಸುಸ್ತನ್ನು ಬರದೇ ಇದ್ದವರಿಗೆ ಹೇಗೆ ಹೇಳೋದು ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಕೂತರೆ ಏನೂ ಇಲ್ಲ, ಚೆನ್ನಾಗಿಯೇ ಇದ್ದೀನಿ ಅನ್ನಿಸುತ್ತದೆ. ಎದ್ದು ಬಟ್ಟೆ ಒಣಹಾಕೋಕೆ ಹೋದರೆ ಮೂರನೇ ಬಟ್ಟೆಗೆ ಕೈ ಮೇಲೇಳಲ್ಲ. ಮಗಳ ಜಡೆ ಹಾಕುವಾಗ ಒಂದು ಜಡೆ ಮುಗಿಸಿ ಇನ್ನೊಂದಕ್ಕೆ ಮಂಚದ ಮೇಲೆ ಕೂರಬೇಕು. ಮಾತಾಡುವಾಗ ವಾಕ್ಯದ ನಡುವೆ ಪದ ಮರೆತುಹೋಗುತ್ತದೆ. ಸಾಸಿವೆ ಡಬ್ಬಿ ಕೈಯಲ್ಲಿ ಹಿಡಿದು ಸಾಸಿವೆ ಎಲ್ಲಿ ಅಂತ ಹುಡುಕಿದ್ದೂ ಉಂಟು. ಡೆಂಗಿ ಆದವರಲ್ಲಿ ಈ ನಿಶ್ಶಕ್ತಿ ವಾರಗಟ್ಟಲೆ ಇರೋದು ಸಾಮಾನ್ಯ. ಕೆಲವರಿಗೆ ಅದಕ್ಕೂ ಜಾಸ್ತಿ. ಮೈ ಒಳಗೆ ರಿಪೇರಿ ನಡೆದೇ ಇರುತ್ತದೆ. ಆದರೆ ರಿಪೋರ್ಟಿನಲ್ಲಿ ಎಲ್ಲವೂ ನಾರ್ಮಲ್. ನಾರ್ಮಲ್ ರಿಪೋರ್ಟು ಹಿಡಿದುಕೊಂಡು ಯಾರ ಹತ್ತಿರ ಹೋಗಿ ಸುಸ್ತು ಅಂತ ಹೇಳೋದು?

ಆಫೀಸಿನವರು ಒಳ್ಳೆಯವರೇ. ‘ನಿಧಾನ, ಯಾವ ಅರ್ಜೆಂಟೂ ಇಲ್ಲ, ಚೆನ್ನಾಗಿ ರೆಸ್ಟ್ ತಗೊಳ್ಳಿ. ಈ ವಾರ ಮನೆಯಿಂದಲೇ ಕೆಲಸ ಮಾಡಿ’ ಅಂದರು. ರೆಸ್ಟೂ ತಗೊಂಡು ಕೆಲಸವನ್ನೂ ಮಾಡೋದು ಹೇಗೆ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ, ‘ಥ್ಯಾಂಕ್ಯೂ’ ಅಂದೆ. ಕೊರೋನಾ ಕಾಲ ಕಲಿಸಿಹೋದ ಪಾಠ ಇದು. ಮೊದಲು ಕಾಯಿಲೆ ಅಂದರೆ ಆಫೀಸಿಗೆ ಹೋಗಲ್ಲ ಅಂತ ಅರ್ಥ, ಹೋಗದಿದ್ದರೆ ಕೆಲಸ ಇಲ್ಲ ಅಂತ ಅರ್ಥ. ಈಗ ಹಾಸಿಗೆಯ ಮೇಲೇ ಆಫೀಸು. ದಿಂಬಿಗೆ ಒರಗಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಮಲಗಿರುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು, ‘ಆ ಪೆಟ್ಟಿಗೆ ಮುಚ್ಚೇ’ ಅಂತ ಗದರಿದ್ದು ಒಂದು ದಿನ ಎಲ್ಲರಿಗೂ ಕೇಳಿಸಿತು. ಮ್ಯೂಟ್ ಆಗಿರಲಿಲ್ಲ. ಅವತ್ತು ಮೀಟಿಂಗ್ ಬೇಗ ಮುಗಿಯಿತು.

ಆಫೀಸಿಗೆ ಯಾವಾಗ ಬರ್ತೀರಿ ಅಂತ ಕೇಳಿದಾಗ ಅಮ್ಮನೇ ಉತ್ತರ ಕೊಟ್ಟಳು: ‘ಅಮಾವಾಸ್ಯೆ ಕಳೀಲಿ.’ ಪೆನ್ಸಿಲ್ ಗೆರೆಗಳ ಅದೇ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ವಾರದಾಚೆ ಇತ್ತು. ಮ್ಯಾನೇಜರಿಗೆ ಸುಸ್ತು ಅಂದರೆ ‘ಮಲ್ಟಿವಿಟಮಿನ್ ತಗೊಳ್ಳಿ’ ಅನ್ನುತ್ತಾರೆ. ಅಮ್ಮ ಅಮಾವಾಸ್ಯೆ ಅಂದಿದ್ದಾರೆ ಅಂತ ಹೇಳಿದಾಗ, ಅವರೂ ಮಂಡ್ಯದ ಕಡೆಯವರು, ‘ಹೌದಾ, ಹಾಗಾದ್ರೆ ಅದು ಕಳೀಲಿ ಬಿಡಿ’ ಅಂದರು. ನಂಬಿಕೆ ಇಲ್ಲದವಳು ನಂಬಿಕೆಯ ಲಾಭ ತಗೊಂಡೆ. ಬೇಜಾರೇನೂ ಇಲ್ಲ.

ಅಮಾವಾಸ್ಯೆ ಕಳೆದ ಮೇಲೆ ತಲೆಗೆ ನೀರು. ಅಮ್ಮನೇ ಸೀಗೆಕಾಯಿ ಹಾಕಿ ಉಜ್ಜಿದಳು, ಸಾಂಬ್ರಾಣಿ ಹೊಗೆ ಹಿಡಿದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಗ್ಯಾಸ್ ಒಲೆಯಲ್ಲಿ ಮೆಣಸಿನಕಾಯಿ ಸುಟ್ಟರೆ ಏನಾಗುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ಮನೆಮಂದಿಯೆಲ್ಲ ಬಾಲ್ಕನಿಗೆ ಓಡಿ ಕೆಮ್ಮಿದೆವು.

ಆಮೇಲೆ ಮೆಟ್ರೋ. ನನ್ನ ಆಫೀಸು ಕುಂದಲಹಳ್ಳಿ ಹತ್ತಿರ, ಮನೆಗೆ ಹತ್ತಿರದ್ದು ಅತ್ತಿಗುಪ್ಪೆ ಸ್ಟೇಷನ್. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನ ತನಕ ನೇರಳೆ ಮಾರ್ಗ ಪೂರ್ತಿ ತೆರೆದಾಗ ನನ್ನಷ್ಟು ಸಂತೋಷಪಟ್ಟವರು ಕಡಿಮೆ. ಎಲ್ಲೂ ಇಳಿದು ಹತ್ತದೆ ಹೋಗಬಹುದು. ಕೂರೋಕೆ ಸೀಟು ಸಿಗುತ್ತದೆ ಅಂತ ಮಾತ್ರ ಯಾರೂ ಹೇಳಿಲ್ಲ. ನಿಂತೇ ಹೋದೆ. ಮೆಜೆಸ್ಟಿಕ್ಕಿನಲ್ಲಿ ಜನ ನುಗ್ಗಿದಾಗ ಕಣ್ಣು ಕತ್ತಲೆ ಬಂತು. ಅಗತ್ಯ ಇರುವವರಿಗೆ ಸೀಟು ಬಿಡಿ ಅಂತ ಬರೆದಿರುವ ಸೀಟಿನ ಮುಂದೆಯೇ ನಿಂತಿದ್ದೆ, ಆದರೆ ನನ್ನನ್ನು ನೋಡಿದರೆ ಕಾಯಿಲೆಯವಳು ಅಂತ ಹೇಗೆ ಗೊತ್ತಾಗಬೇಕು? ತಲೆಸ್ನಾನ ಮಾಡಿ, ಇಸ್ತ್ರಿ ಕುರ್ತಾ ಹಾಕಿ, ಬ್ಯಾಗು ಹೆಗಲಿಗೇರಿಸಿದವಳು. ಮೊಣಕಾಲಿಗೆ ಬೆಲ್ಟು ಕಟ್ಟಿಕೊಂಡ ಹೆಂಗಸೊಬ್ಬರು ನನ್ನ ಮುಖ ನೋಡಿ, ‘ಕೂತ್ಕೊಳ್ಳಮ್ಮ’ ಅಂತ ಎದ್ದರು. ‘ಪರವಾಗಿಲ್ಲ’ ಅನ್ನೋಕೆ ಬಾಯಿ ತೆಗೆಯುವಷ್ಟರಲ್ಲಿ ಕಾಲು ತಾನೇ ಕೂತಿತು.

ನಾನು ಇನ್ನೂ ಮನೆಯಲ್ಲಿದ್ದಾಗಿನ ಒಂದು ವಿಷಯ ಹೇಳಬೇಕು. ನಮ್ಮ ಮನೆಕೆಲಸಕ್ಕೆ ಬರುವ ಅಕ್ಕನಿಗೂ ಜ್ವರ ಬಂತು. ಅದು ಡೆಂಗಿಯೋ ಏನೋ, ಟೆಸ್ಟು ಮಾಡಿಸಲಿಲ್ಲ, ‘ವೈರಲ್ ಅಂತೆ’ ಅಂದರು. ಜ್ವರ ಬಿಟ್ಟ ಮಾರನೇ ದಿನ ಕೆಲಸಕ್ಕೆ ಬಂದರು. ಪಾತ್ರೆ ತೊಳೆಯುತ್ತಿದ್ದವರು ಹಾಗೇ ನೆಲಕ್ಕೆ ಕುಕ್ಕರುಗಾಲಿನಲ್ಲಿ ಕೂತರು, ನಲ್ಲಿ ಹರಿಯುತ್ತಲೇ ಇತ್ತು. ಅಮ್ಮ ನಲ್ಲಿ ನಿಲ್ಲಿಸಿ, ಅವರ ಕೈಯಿಂದ ನಾರು ಕಿತ್ತುಕೊಂಡು, ನನ್ನ ಗಂಜಿಯಲ್ಲೇ ಅರ್ಧ ಬಗ್ಗಿಸಿ ಕೊಟ್ಟಳು.

‘ಇನ್ನೊಂದು ವಾರ ಬರಬೇಡ ಕಣಮ್ಮ. ಇವಳು ಸಂಬಳ ಹಿಡಿಯಲ್ಲ.’

‘ನೀವು ಹಿಡಿಯಲ್ಲ ಅಮ್ಮ. ಬಾಕಿ ಮನೆಯವರು ಬಿಡಬೇಕಲ್ಲ.’

ಇದಕ್ಕೆ ಅಮ್ಮನ ಹತ್ತಿರವೂ ಉತ್ತರ ಇರಲಿಲ್ಲ. ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆ, ಇರುವ ಕಾರ್ಖಾನೆ ಕೆಲಸದವರಿಗೆ ಕಾಯಿಲೆ ಬಿದ್ದರೆ ಕೂಲಿಯ ಶೇಕಡ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಎಷ್ಟು ಜನ ಅದನ್ನು ಕೇಳಿ ಪಡೆಯುತ್ತಾರೋ ಬೇರೆ ಮಾತು, ಕಾಗದದ ಮೇಲಾದರೂ ಇದೆ. ಮನೆಮನೆಗೆ ಹೋಗಿ ದುಡಿಯುವವರಿಗೆ ಅದೂ ಇಲ್ಲ. ಮಲಗಿದ ದಿನದ ದುಡ್ಡು ಇಲ್ಲ, ಜಾಸ್ತಿ ದಿನ ಮಲಗಿದರೆ ಕೆಲಸವೂ ಇಲ್ಲ. ಈ ಊರಿನಲ್ಲಿ ಚೇತರಿಸಿಕೊಳ್ಳೋಕೆ ಸಂಬಳದ ಕೆಲಸ ಬೇಕು, ಅಥವಾ ಅರಸೀಕೆರೆಯಿಂದ ಬರುವ ಅಮ್ಮ ಬೇಕು. ನನಗೆ ಎರಡೂ ಇದ್ದವು. ಆಗಲೂ ಸಾಕಾಗಲಿಲ್ಲ.

ಸೊಳ್ಳೆ ಎಲ್ಲಿಯದು ಅಂತ ಮಲಗಿದ್ದಲ್ಲೇ ತನಿಖೆ ಮಾಡಿದ್ದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ, ಬೆಳಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ ಜಾಸ್ತಿ. ದೂರ ಹಾರಲ್ಲ, ಹುಟ್ಟಿದ ಕಡೆಯೇ ಸುತ್ತುತ್ತದೆ. ಅಂದರೆ ಸುತ್ತಲಿನ ನಾಲ್ಕಾರು ಮನೆಯದ್ದೇ. ಕಿಟಕಿಯಿಂದ ನೋಡಿದರೆ ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಹೊಸ ಮೋಲ್ಡಿನ ಮೇಲೆ ಸಿಮೆಂಟಿನ ಕಟ್ಟೆ ಕಟ್ಟಿ ಕ್ಯೂರಿಂಗಿಗೆ ನೀರು ನಿಲ್ಲಿಸಿದ್ದರು, ಕೆಳಗೆ ಮುಚ್ಚಳವಿಲ್ಲದ ಡ್ರಮ್ಮುಗಳು. ಮಳೆಗಾಲದಲ್ಲಿ ಸೊಳ್ಳೆಗೆ ಇನ್ನೇನು ಬೇಕು? ಮೊಟ್ಟೆಯಿಂದ ರೆಕ್ಕೆ ಬಲಿಯುವ ತನಕ ಅದಕ್ಕೆ ಸುಮಾರು ಒಂದು ವಾರ, ಹತ್ತು ದಿನ ಸಾಕು. ಸುಮ್ನೆ ನೀರು ಚೆಲ್ಲಿದರೂ ಆಗಲ್ಲ. ಮೊಟ್ಟೆಗಳು ನೀರಿನ ಮಟ್ಟದ ಮೇಲೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಬದುಕಿ, ಮತ್ತೆ ನೀರು ಬಂದಾಗ ಮರಿಯಾಗುತ್ತವೆ. ನಾರು ಹಾಕಿ ಉಜ್ಜಬೇಕು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಸಿದವರಿಗೆ ದಂಡವನ್ನೂ ಗೊತ್ತುಮಾಡಿತು. ನಗರದಲ್ಲಿ ಮನೆಗಳಿಗೆ 400 ರೂಪಾಯಿ, ಕಟ್ಟುತ್ತಿರುವ ಕಟ್ಟಡಕ್ಕೆ 2,000. ಎದುರು ಸೈಟಿನ ಮೇಸ್ತ್ರಿಗೆ ಗಂಡ ಇದನ್ನು ಹೇಳಿದಾಗ ಆತ, ‘ಓನರಿಗೆ ಹೇಳಿ ಸಾರ್’ ಅಂದ. ಓನರು ಅಮೆರಿಕದಲ್ಲಿದ್ದಾರೆ. ಕಡೆಗೆ ಗಂಡನೇ ಹೋಗಿ ಡ್ರಮ್ಮಿಗೆ ಹಳೆಯ ಪ್ಲೈವುಡ್ ಮುಚ್ಚಿ ಕಲ್ಲು ಹೇರಿ ಬಂದ.

ಈ ಡ್ರಮ್ಮಿನ ಜಗಳ ಬೆಂಗಳೂರಿಗೆ ಹೊಸದೇನಲ್ಲ. 1883ರಲ್ಲಿ ರೊನಾಲ್ಡ್ ರಾಸ್ ಅನ್ನುವ 26 ವರ್ಷದ ಮಿಲಿಟರಿ ಡಾಕ್ಟರ್ ಇಲ್ಲಿ ಇದ್ದ. ಅವನ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯ ಹತ್ತಿರ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಅವು ಮರಿ ಮಾಡುತ್ತಿರೋದು ಕಂಡು ಅದನ್ನು ಬೋರಲು ಹಾಕಿದ, ಸೊಳ್ಳೆ ಕಡಿಮೆಯಾಯಿತು. ಬೇರೆ ಕಡೆಯೂ ಹೀಗೇ ಮಾಡೋಣ ಅಂತ ಮೇಲಿನವರಿಗೆ ಹೇಳಿದರೆ ಅವರು ಒಪ್ಪಲಿಲ್ಲ. ಆಗಿನ್ನೂ ಸೊಳ್ಳೆಯಿಂದ ಮಲೇರಿಯಾ ಬರುತ್ತದೆ ಅಂತ ಸಾಬೀತಾಗಿರಲಿಲ್ಲ. ಅದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡ, 1902ರಲ್ಲಿ ನೊಬೆಲ್ ಪಡೆದ. ‘ಓನರಿಗೆ ಹೇಳಿ’ ಅಂತ ಅವನಿಗೂ ಯಾರೋ ಹೇಳಿದ್ದರು ಅನ್ನೋದು ನನಗೊಂದು ಸಮಾಧಾನ.

ಒಮ್ಮೆ ಬಂದು ಹೋಯಿತಲ್ಲ, ಇನ್ನು ಬರಲ್ಲ ಬಿಡು ಅಂತ ಹೇಳಿದವರು ಬಹಳ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಆ ಬಗೆಯಿಂದ ಮಾತ್ರ ಕಾಯಂ ರಕ್ಷಣೆ. ಬೇರೆ ಬಗೆ ಬರಬಹುದು, ಎರಡನೇ ಸಲ ಬಂದದ್ದು ಜೋರಾಗುವ ಸಂಭವವೂ ಜಾಸ್ತಿ. ಆದ್ದರಿಂದ ಈಗ ನಮ್ಮ ಮನೆಯಲ್ಲಿ ಹಗಲಿಗೂ ಸೊಳ್ಳೆಬತ್ತಿ, ಮಗಳ ಕಾಲಿಗೆ ಉದ್ದದ ಪೈಜಾಮ, ಬಾಲ್ಕನಿಯ ಕುಂಡಗಳ ತಟ್ಟೆ ಭಾನುವಾರ ಭಾನುವಾರ ತೊಳೆದು ಬೋರಲು. ನನಗೆ ಜ್ವರ ಇದ್ದಾಗ ಡಾಕ್ಟ್ರು ಹಗಲೂ ಸೊಳ್ಳೆಪರದೆಯೊಳಗೆ ಮಲಗಿಸಿದ್ದರು. ನನ್ನನ್ನು ಕಾಪಾಡೋಕಲ್ಲ, ನನ್ನನ್ನು ಕಚ್ಚಿದ ಸೊಳ್ಳೆ ಮನೆಯ ಬೇರೆಯವರಿಗೆ ಹಂಚದಿರಲಿ ಅಂತ. ಇದನ್ನು ಎಷ್ಟೋ ಮನೆಗಳಲ್ಲಿ ಮಾಡಲ್ಲ.

ಎಲ್ಲ ಮುಗಿಯಿತು ಅಂದುಕೊಂಡಾಗ ಕೂದಲು ಉದುರೋಕೆ ಶುರುವಾಯಿತು. ದೀಪಾವಳಿಯ ಎಣ್ಣೆಸ್ನಾನಕ್ಕೆ ಕೂತಾಗ ಬಾತ್‌ರೂಮಿನ ಜಾಲರಿ ಕಟ್ಟಿಕೊಂಡಿತು. ಜೋರು ಜ್ವರದ ಪೆಟ್ಟಿಗೆ ಒಂದಷ್ಟು ಕೂದಲು ಒಟ್ಟಿಗೇ ಬೆಳೆಯೋದು ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವಂತೆ, ಎರಡು ಮೂರು ತಿಂಗಳಾದ ಮೇಲೆ ಒಟ್ಟಿಗೇ ಉದುರುತ್ತವೆ. ಬುಡ ಹಾಳಾಗಿರಲ್ಲ, ಮತ್ತೆ ಬರುತ್ತದೆ. ಈಗ ಹಣೆಯ ಅಂಚಿನಲ್ಲಿ ಮೊಳೆತಿರುವ ಮೋಟುಕೂದಲು ಯಾವ ಎಣ್ಣೆಗೂ ಬಗ್ಗಲ್ಲ. ನನ್ನ ಕೂದಲಿಗೆ ಸಿಕ್ಕಿದಷ್ಟು ವಿಶ್ರಾಂತಿ ನನಗೆ ಸಿಗಲಿಲ್ಲ, ಅದು ಬೇರೆ.

ಮೊನ್ನೆ ಮೈಸೂರಿನಿಂದ ಚಿಕ್ಕಮ್ಮನ ಮಗಳು ಫೋನು ಮಾಡಿದ್ದಳು. ಅವಳಿಗೂ ಡೆಂಗಿ, ಮನೆಯಲ್ಲೇ ಇದ್ದಾಳೆ. ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆ ಮಾವ. ಪ್ಲೇಟ್‌ಲೆಟ್ ಎಷ್ಟು ಅಂತ ನಾನು ಕೇಳಲಿಲ್ಲ. ಪಿಸಿವಿ ನೋಡಿಸು, ನೀರಿನ ಲೆಕ್ಕ ಬರೆದಿಡು, ಜ್ವರ ಬಿಟ್ಟ ದಿನ ತಪ್ಪದೆ ಫೋನು ಮಾಡು, ಹೇಳೋದಿದೆ ಅಂದೆ. ‘ಆಯ್ತಕ್ಕ’ ಅಂದಳು. ಫೋನು ಬರಲಿಲ್ಲ. ನಿನ್ನೆ ನಾನೇ ಮಾಡಿದೆ. ಅವಳ ಮಗ ಎತ್ತಿಕೊಂಡ. ‘ಅಮ್ಮಂಗೆ ಜ್ವರ ಹೋಯ್ತು ದೊಡ್ಡಮ್ಮ’ ಅಂದ. ಎಲ್ಲಿದ್ದಾಳೆ, ಕೊಡು ಅಂದೆ.

‘ದೋಸೆ ಹುಯ್ತಿದ್ದಾಳೆ, ಆಮೇಲೆ ಮಾಡ್ತಾಳಂತೆ.’